ವಿಮಾನ ನಿಲ್ದಾಣದ ವೈಫೈ: ದೇವನಹಳ್ಳಿಯಿಂದ ಸರಡಗಿಯವರೆಗೆ

ವಿಮಾನ ನಿಲ್ದಾಣದ ವೈಫೈ ಮೊದಲಿಗೆ ದುಡ್ಡು ಕೊಟ್ಟು ಕೊಳ್ಳಬೇಕಾದ ಸೌಕರ್ಯವಾಗಿತ್ತು. ಅಮೆರಿಕ 1985ರಲ್ಲಿ ಕೆಲವು ರೇಡಿಯೊ ತರಂಗಗಳನ್ನು ಪರವಾನಗಿಯ ಹಂಗಿಲ್ಲದ ಬಳಕೆಗೆ ಬಿಟ್ಟಿತು, 1997ರಲ್ಲಿ ವೈಫೈಗೆ ಆಧಾರವಾದ 802.11 ಎಂಬ ತಾಂತ್ರಿಕ ಮಾನದಂಡ ಬಂತು. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಶುರುವಾದ ವೇಪೋರ್ಟ್‌ನಂಥ ಕಂಪನಿಗಳು ಹೋಟೆಲು, ವಿಮಾನ ನಿಲ್ದಾಣಗಳಲ್ಲಿ ಈ ಸಂಪರ್ಕವನ್ನು ಮಾರತೊಡಗಿದವು. ಕೊಳ್ಳುತ್ತಿದ್ದವರು ಹೆಚ್ಚಾಗಿ ಲ್ಯಾಪ್‌ಟಾಪ್ ಹೊತ್ತು ಕೆಲಸದ ಮೇಲೆ ಓಡಾಡುವವರು. 2003ರಲ್ಲಿ ಇಂಟೆಲ್‌ನ ಸೆಂಟ್ರಿನೊ ತಂತ್ರಜ್ಞಾನ ಬಂದು ವೈಫೈ ಲ್ಯಾಪ್‌ಟಾಪಿನ ಒಳಗೇ ಸೇರಿಕೊಂಡಿತು. ಬಳಸುವವರು ಹೆಚ್ಚಿದಂತೆ ಪುಕ್ಕಟೆ ಕೊಡುವ ನಿಲ್ದಾಣಗಳೂ ಹೆಚ್ಚಿದವು.

ಭಾರತ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಮೂರು ವರ್ಷಗಳ ನಂತರ, 2008ರ ಮಾರ್ಚ್‌ನಲ್ಲಿ ಹೈದರಾಬಾದಿನ ಶಂಶಾಬಾದ್ ನಿಲ್ದಾಣ, ಮೇ 24ರಂದು ಬೆಂಗಳೂರಿನ ದೇವನಹಳ್ಳಿ ನಿಲ್ದಾಣ ಕೆಲಸ ಆರಂಭಿಸಿದವು. ಕಲಬುರಗಿ ಜಿಲ್ಲೆಯ ಮಹಾಗಾಂವ, ಕಮಲಾಪುರದ ಕಡೆಯಿಂದ ವಿಮಾನ ಹಿಡಿಯುವವರು ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋಗುತ್ತಿದ್ದ ಕಾಲ ಅದು.

ಇಂದು ನಿಲ್ದಾಣದಲ್ಲಿ ವೈಫೈ ಬೇಕೆಂದರೆ ಮೊಬೈಲ್ ನಂಬರ್ ಕೊಟ್ಟು ಒಟಿಪಿಗೆ ಕಾಯಬೇಕು. ಈ ರೂಢಿಯ ಬೇರು ಇರುವುದು ಅದೇ 2008ರಲ್ಲಿ. ಜುಲೈನಲ್ಲಿ ಅಹಮದಾಬಾದ್, ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಸರಣಿ ಬಾಂಬ್ ಸ್ಫೋಟಗಳಾದಾಗ ಭಯೋತ್ಪಾದಕರ ಇಮೇಲ್‌ಗಳು ಮುಂಬೈ ಭಾಗದ, ಪಾಸ್‌ವರ್ಡ್ ಇಲ್ಲದ ಯಾರದೋ ವೈಫೈ ಮೂಲಕ ಹೋಗಿದ್ದವು. ಸಂಪರ್ಕದ ಮಾಲೀಕರು ಸಿಕ್ಕರೇ ಹೊರತು ಬರೆದವರ ಗುರುತು ಅದರಿಂದ ಸಿಗಲಿಲ್ಲ. ದೂರಸಂಪರ್ಕ ಇಲಾಖೆ 2009ರ ಫೆಬ್ರುವರಿಯಲ್ಲಿ ನಿಯಮ ತಂದಿತು: ಸಾರ್ವಜನಿಕ ವೈಫೈ ಬಳಸುವವರ ಗುರುತನ್ನು ಮೊಬೈಲ್ ಸಂದೇಶದಿಂದಲೋ ಫೋಟೊ ಇರುವ ಗುರುತಿನ ಚೀಟಿಯಿಂದಲೋ ಖಚಿತಪಡಿಸಿಕೊಳ್ಳಬೇಕು. ನಿಯಮದ ಉದ್ದೇಶ ಸರಿಯೇ ಇರಬಹುದು, ಆದರೆ ವೈಫೈ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ತೊಡಕಾಯಿತು. ವಿದೇಶದಿಂದ ಆಗಷ್ಟೇ ಇಳಿದವರ ಬಳಿ ಭಾರತದ ಸಿಮ್ ಇರುವುದಿಲ್ಲ. ಅಂಥವರಿಗಾಗಿ ದೊಡ್ಡ ನಿಲ್ದಾಣಗಳು ಪಾಸ್‌ಪೋರ್ಟ್ ನೋಡಿ ಕೋಡ್ ಕೊಡುವ ವ್ಯವಸ್ಥೆ ಮಾಡಬೇಕಾಯಿತು.

ತಾಂತ್ರಿಕ ಕಷ್ಟವೂ ಸಣ್ಣದಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್‌ಗಳು ಮೂರೇ. ಸಾಲದ್ದಕ್ಕೆ ನೀರಿನಂಶ ತುಂಬಿದ ಮನುಷ್ಯದೇಹ ಈ ತರಂಗಗಳನ್ನು ಹೀರುತ್ತದೆ; ಗೇಟಿನ ಮುಂದೆ ಜನ ಕಿಕ್ಕಿರಿದಾಗ ಸಿಗ್ನಲ್ ಸೊರಗುತ್ತದೆ. ಹಾಗಾಗಿ ಒಂದೇ ಪ್ರಬಲ ವೈಫೈ ಪೆಟ್ಟಿಗೆಯ ಬದಲು ಕಡಿಮೆ ಶಕ್ತಿಯ ಹಲವು ಪೆಟ್ಟಿಗೆಗಳನ್ನು ಚಾವಣಿಯುದ್ದಕ್ಕೂ ಹಂಚಿ ಕೂಡಿಸುತ್ತಾರೆ. ಹೆಚ್ಚು ಚಾನೆಲ್‌ಗಳಿರುವ 5 ಗಿಗಾಹರ್ಟ್ಸ್ ಪಟ್ಟಿಯನ್ನು 2018ರಲ್ಲಿ ಭಾರತ ಇನ್ನಷ್ಟು ಸಡಿಲಗೊಳಿಸಿತು.

ಅಷ್ಟರಲ್ಲಿ ಸನ್ನಿವೇಶವೇ ಬೇರೆಯಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಮೊಬೈಲ್ ಡೇಟಾ ಅಗ್ಗವಾಯಿತು. ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು ಮೂರು ವರ್ಷಗಳ ನಂತರ, 2019ರ ನವೆಂಬರ್ 22ರಂದು, ಶ್ರೀನಿವಾಸ ಸರಡಗಿಯ ಬಳಿ. ಮಹಾಗಾಂವ ಕ್ರಾಸಿನಿಂದ ಅಲ್ಲಿಗೆ ಹೋಗುವ ಪ್ರಯಾಣಿಕರಿಗೆ ವಿಮಾನಕ್ಕಿಂತ ಮೊದಲೇ 4ಜಿ ಬಂದಿತ್ತು. ನಿಲ್ದಾಣದ ವೈಫೈಗಾಗಿ ಹಂಬಲಿಸಿದ ಕಾಲವನ್ನು ಈ ಭಾಗ ಬಹುಮಟ್ಟಿಗೆ ನೋಡಲೇ ಇಲ್ಲ.

ದೇವನಹಳ್ಳಿಯ ಸಂಗತಿ ಬೇರೆ. ಅಲ್ಲಿ 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಎರಡನೇ ಟರ್ಮಿನಲ್‌ಗೆ 2023ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಸ್ಥಳಾಂತರವಾದವು. ಅಂಥ ಟರ್ಮಿನಲ್‌ಗಳಲ್ಲಿ ಈಗಲೂ ವೈಫೈ ನೆಚ್ಚಿಕೊಳ್ಳುವವರು ಮುಖ್ಯವಾಗಿ ವಿದೇಶಿ ಸಿಮ್‌ನವರು, ಮುಂದಿನ ವಿಮಾನಕ್ಕೆ ಗಂಟೆಗಟ್ಟಲೆ ಕಾಯುವವರು ಮತ್ತು ದೊಡ್ಡ ಫೈಲುಗಳನ್ನು ಕಳಿಸಬೇಕಾದವರು.