ಮೀನಿನೊಳಗಿನ ಹುಳು: ಹಾಲೆಂಡು ಕಲಿತ ಪಾಠ

ಪೇಟೆಯಲ್ಲಿ ಮೀನು ಕೊಳ್ಳುವವರು ಅದರ ಕಣ್ಣು ತಿಳಿಯಾಗಿದೆಯೆ, ಕಿವಿರು ಕೆಂಪಾಗಿದೆಯೆ ಎಂದು ನೋಡುವುದು ರೂಢಿ. ಮೀನು ಹಳಸಿದೆಯೆ ಇಲ್ಲವೆ ಎಂಬುದನ್ನು ತಿಳಿಯಲು ಈ ಪರೀಕ್ಷೆ ಸಾಕು. ಆದರೆ ಆಗತಾನೆ ಹಿಡಿದ ಮೀನಿನೊಳಗೂ ಜೀವಂತ ಹುಳುಗಳಿರಬಹುದು. ಅವುಗಳ ಸುಳಿವನ್ನು ಕಣ್ಣಾಗಲಿ ಕಿವಿರಾಗಲಿ ಕೊಡಲಾರವು. ಈ ಸಂಗತಿಯನ್ನು ವೈದ್ಯಲೋಕಕ್ಕೆ ಮನವರಿಕೆ ಮಾಡಿಕೊಟ್ಟದ್ದು ಹಾಲೆಂಡು ದೇಶದ ಅನುಭವ. ಅದರ ಇತಿಹಾಸವನ್ನು ನಾವೀಗ ಸಂಕ್ಷೇಪವಾಗಿ ನೋಡೋಣ.

ಹೆರಿಂಗ್ ಎಂಬ ಮೀನು ನಮ್ಮ ಕರಾವಳಿಯ ಬೂತಾಯಿಗೆ ದೂರದ ಬಂಧು. ಡಚ್ಚರಿಗೆ ಅದು ಬರಿಯ ಆಹಾರವಲ್ಲ, ಅವರ ಕಡಲ ವ್ಯಾಪಾರದ ಬುನಾದಿಗಳಲ್ಲಿ ಒಂದು. ಹಿಡಿದೊಡನೆಯೇ ಅದರ ಕಿವಿರನ್ನೂ ಕರುಳನ್ನೂ ತೆಗೆದು ಉಪ್ಪು ಹಾಕುವ ವಿಧಾನವನ್ನು 14ನೆಯ ಶತಮಾನದಲ್ಲಿ ಬೀರ್‌ವ್ಲೀಟ್ ಊರಿನ ವಿಲ್ಲೆಮ್ ಬ್ಯೂಕೆಲ್ಸ್‌ಜೋನ್ ಎಂಬಾತ ಕಂಡುಹಿಡಿದನೆಂದು ಅಲ್ಲಿಯ ಐತಿಹ್ಯ. ಹೀಗೆ ಎಳೆಯ ಉಪ್ಪಿನಲ್ಲಿ ಹದಗೊಂಡ ಮೀನನ್ನು ಬೇಯಿಸದೆ, ಈರುಳ್ಳಿಯೊಡನೆ ತಿನ್ನುವುದು ಅವರಿಗೆ ಬಲು ಪ್ರಿಯ.

1950ರ ದಶಕದಲ್ಲಿ ಈ ಮೀನು ತಿಂದ ಕೆಲವರಿಗೆ ಹೊಟ್ಟೆಯಲ್ಲಿ ತೀವ್ರವಾದ ಶೂಲೆ ಕಾಣಿಸಿಕೊಂಡಿತು. ಕರುಳು ಕಟ್ಟಿಕೊಂಡಿದೆಯೆಂದು ಬಗೆದು ವೈದ್ಯರು ಹೊಟ್ಟೆಯನ್ನು ಕೊಯ್ದು ನೋಡಿದರು. ಕರುಳಿನ ಗೋಡೆ ಬಾತುಕೊಂಡಿತ್ತು. ಅದರೊಳಗೆ ಸಣ್ಣದೊಂದು ಹುಳು ತಲೆಯನ್ನು ಚುಚ್ಚಿಕೊಂಡಿತ್ತು. ವಾನ್ ಟೀಲ್ ಮತ್ತು ಅವರ ಸಹೋದ್ಯೋಗಿಗಳು ಇದು ಹೆರಿಂಗ್ ಮೀನಿನಿಂದ ಬಂದ ಹುಳುವೆಂದು 1960ರಲ್ಲಿ ಪ್ರಕಟಿಸಿದರು. ಅನಿಸಾಕಿಸ್ ಎಂಬ ಈ ಕುಲಕ್ಕೆ ಫ್ರಾನ್ಸಿನ ದುಜಾರ್ಡಿನ್ 1845ರಲ್ಲಿಯೇ ಹೆಸರಿಟ್ಟಿದ್ದರು. ಹುಳು ಹಳೆಯದು, ಅದರಿಂದ ಮನುಷ್ಯನಿಗೆ ಒದಗುವ ಕೇಡಿನ ಅರಿವು ಮಾತ್ರ ಹೊಸದು.

ಈ ಹುಳುವಿನ ಜೀವನಚಕ್ರ ವಿಚಿತ್ರವಾದುದು. ಬೆಳೆದ ಹುಳುಗಳು ತಿಮಿಂಗಿಲ, ಡಾಲ್ಫಿನ್ ಮೊದಲಾದವುಗಳ ಜಠರದಲ್ಲಿರುತ್ತವೆ. ಅವುಗಳ ಮೊಟ್ಟೆಗಳು ಮಲದೊಡನೆ ಕಡಲನ್ನು ಸೇರುತ್ತವೆ. ಮರಿಗಳನ್ನು ಸೀಗಡಿಯಂತಹ ಸಣ್ಣ ಜೀವಿಗಳು ನುಂಗುತ್ತವೆ, ಅವನ್ನು ಮೀನು ನುಂಗುತ್ತದೆ, ಮೀನನ್ನು ಮತ್ತೆ ತಿಮಿಂಗಿಲ ನುಂಗುತ್ತದೆ. ಮನುಷ್ಯನು ಈ ಚಕ್ರಕ್ಕೆ ಸೇರಿದವನಲ್ಲ. ಅವನ ಹೊಟ್ಟೆಯಲ್ಲಿ ಮರಿಯು ಬೆಳೆದು ದೊಡ್ಡದಾಗಲಾರದು. ಆದರೆ ಸಾಯುವ ಮುನ್ನ ಅದು ಜಠರವನ್ನೋ ಕರುಳನ್ನೋ ಕೊರೆಯುತ್ತದೆ. ಎರಡು ಮೂರು ಸೆಂಟಿಮೀಟರು ಉದ್ದದ ಈ ಮರಿ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡು ಮೀನಿನೊಳಗಿರುತ್ತದೆ.

ಶತಮಾನಗಳಿಂದ ಉಣ್ಣುತ್ತಿದ್ದ ಆಹಾರ ಆಗ ಏಕೆ ಕೆಟ್ಟಿತು? ಹಿಂದೆ ಕಡಲಿನಲ್ಲಿಯೇ ಕರುಳು ತೆಗೆಯುತ್ತಿದ್ದರು; ಮಂಜುಗಡ್ಡೆಯ ಅನುಕೂಲ ಬಂದ ಮೇಲೆ ಮೀನನ್ನು ಇಡಿಯಾಗಿ ದಡಕ್ಕೆ ತರುವುದು ಬಳಕೆಗೆ ಬಂದಿತು. ಈ ಅವಧಿಯಲ್ಲಿ ಹುಳುಗಳು ಕರುಳಿನಿಂದ ಮಾಂಸಕ್ಕೆ ಸರಿಯುತ್ತಿದ್ದವೆಂದು ಪಂಡಿತರು ಊಹಿಸಿದರು. ಮಂಜುಗಡ್ಡೆಯ ತಂಪು ಮೀನನ್ನು ಹಳಸದಂತೆ ಕಾಯ್ದೀತು, ಹುಳುವನ್ನು ಕೊಲ್ಲಲಾರದು. ಎಳೆಯ ಉಪ್ಪಾಗಲಿ ಹುಳಿಯಾಗಲಿ ಅದಕ್ಕೆ ಸಾಲದು.

1968ರಲ್ಲಿ ಡಚ್ ಸರ್ಕಾರವು, ಹಸಿಯಾಗಿ ತಿನ್ನುವ ಹೆರಿಂಗನ್ನು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕನಿಷ್ಠ 24 ಗಂಟೆಗಳ ಕಾಲ ಇಡಬೇಕೆಂದು ಕಟ್ಟಳೆ ಮಾಡಿತು. ಆ ಬಳಿಕ ಅಲ್ಲಿ ಈ ರೋಗ ಬಹಳ ವಿರಳವಾಯಿತು. ಜನರ ನೆಚ್ಚಿನ ತಿನಿಸನ್ನು ಯಾರೂ ಕಸಿದುಕೊಳ್ಳಲಿಲ್ಲ. ಕೊಳ್ಳುವವನ ಕಣ್ಣಿಗೆ ಮೀರಿದ ಎಚ್ಚರಿಕೆಯ ಹೊಣೆಯನ್ನು ಕಾನೂನು ಮಾರುವವನ ಮೇಲೆ ಹೊರಿಸಿತು, ಅಷ್ಟೆ. ಹಸಿಮೀನಿನ ಊಟ ಹೆಚ್ಚಾಗಿರುವ ಜಪಾನಿನಲ್ಲಿಯಾದರೋ ಈ ರೋಗ ಇಂದಿಗೂ ಸಾಮಾನ್ಯ. ಅಲ್ಲಿ ವೈದ್ಯರು ಜಠರದೊಳಕ್ಕೆ ದರ್ಶಕನಾಳವನ್ನು ಇಳಿಸಿ ಹುಳುವನ್ನು ಹಿಡಿದು ತೆಗೆಯುತ್ತಾರೆ.

ನಮ್ಮ ಕರಾವಳಿಯ ಅಡುಗೆಯಲ್ಲಿ ಮೀನು ಸಾರಿನೊಳಗೆ ಕುದಿಯುತ್ತದೆ, ಇಲ್ಲವೆ ಕಾವಲಿಯ ಮೇಲೆ ಹುರಿಯುತ್ತದೆ. ಒಳಗಿನ ಮಾಂಸ ಒಂದು ನಿಮಿಷ 60 ಡಿಗ್ರಿ ಕಾದರೆ ಹುಳು ಸಾಯುತ್ತದೆ. ಕೆಲವರಿಗೆ ಸತ್ತ ಹುಳುವೂ ಒಗ್ಗದೆ ಮೈಮೇಲೆ ದದ್ದು ಏಳುವುದುಂಟು. ಆದರೆ ಅಂತಹವರು ವಿರಳ. ಹಸಿಮೀನಿನ ಪರದೇಶದ ತಿನಿಸುಗಳು ನಮ್ಮ ಪಟ್ಟಣಗಳ ಹೋಟೆಲುಗಳಿಗೂ ಬಂದಿರುವ ಈ ಕಾಲದಲ್ಲಿ, ಆ ರುಚಿಯನ್ನು ಬಯಸುವವರು ಮೀನನ್ನು ಮೊದಲು ಗಟ್ಟಿಯಾಗಿ ಹೆಪ್ಪುಗಟ್ಟಿಸಲಾಗಿತ್ತೆ ಎಂದು ಕೇಳಿ ತಿಳಿಯುವುದು ಲೇಸು. ಹಾಗೆ ಕೇಳಲು ಸಂಕೋಚಪಡಬೇಕಾದುದಿಲ್ಲ.