ಬೊಫೋರ್ಸ್ ಗುಟ್ಟು ಹೊರಗೆ ಕೊಟ್ಟ ಪೊಲೀಸ್

ಇವತ್ತಿನ ಕತೆ ನಮ್ಮಲ್ಲಿ ತುಂಬಾ ಜನ ಹುಟ್ಟೋಕೂ ಮುಂಚಿನದು. ಬೊಫೋರ್ಸ್ ಅಂದ ತಕ್ಷಣ ರಾಜೀವ್ ಗಾಂಧಿ, ಕ್ವಟ್ರೋಚಿ ಹೆಸರು ಬರುತ್ತೆ. ನಾನು ಹೇಳಬೇಕು ಅಂತಿರೋದು ಇನ್ನೊಬ್ಬರ ಬಗ್ಗೆ: ಸ್ವೀಡನ್‌ನ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್.

1986ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಬೊಫೋರ್ಸ್ ಕಂಪನಿಯಿಂದ 410 ಫಿರಂಗಿ ಕೊಳ್ಳೋ ಒಪ್ಪಂದಕ್ಕೆ ಸಹಿ ಹಾಕಿತು. ಮೊತ್ತ ಸುಮಾರು 1,437 ಕೋಟಿ ರೂಪಾಯಿ. ಮಧ್ಯವರ್ತಿಗಳು ಇರಬಾರದು ಅನ್ನೋದು ಸರ್ಕಾರದ್ದೇ ಷರತ್ತು. 1987ರ ಏಪ್ರಿಲ್ 16ರಂದು ಸ್ವೀಡನ್ ರೇಡಿಯೋ, ಇದರಲ್ಲಿ ಲಂಚ ಹರಿದಿದೆ ಅಂತ ಸುದ್ದಿ ಹೇಳಿತು. ದೆಹಲಿ ಅಲ್ಲಗಳೆಯಿತು.

ಸ್ವೀಡನ್‌ನಲ್ಲಿ ತನಿಖೆ ನಡೆಸುತ್ತಿದ್ದವರು ಲಿಂಡ್‌ಸ್ಟ್ರೋಮ್. ಬ್ಯಾಂಕ್ ಕಾಗದಪತ್ರ, ಬೊಫೋರ್ಸ್ ಮುಖ್ಯಸ್ಥ ಮಾರ್ಟಿನ್ ಆರ್ಡ್‌ಬೋ ಅವರ ಡೈರಿ, ಎಲ್ಲ ಅವರ ಕೈ ಸೇರಿತ್ತು. ಆದರೆ ಅಲ್ಲಿನ ತನಿಖೆ ಮುಚ್ಚಿಹೋಯಿತು. 350ಕ್ಕೂ ಹೆಚ್ಚು ದಾಖಲೆಗಳನ್ನ ಅವರು ಪತ್ರಕರ್ತೆ ಚಿತ್ರಾ ಸುಬ್ರಮಣ್ಯಂ ಕೈಗಿಟ್ಟರು. 1988ರಿಂದ ಅವು ‘ದಿ ಹಿಂದೂ’ ಪತ್ರಿಕೆಯಲ್ಲಿ ಬರತೊಡಗಿದವು.

ಉಂಡ ಮನೆ ಜಂತೆ ಎಣಿಸಬಾರದು ಅಂತೀವಲ್ಲ, ಹಾಗಾದ್ರೆ ಇದು ದ್ರೋಹನಾ? ನನ್ನ ಪ್ರಕಾರ ಅಲ್ಲ. ಫಿರಂಗಿ ಹೇಗೆ ಕೆಲಸ ಮಾಡುತ್ತೆ, ಗಡಿಯಲ್ಲಿ ಎಲ್ಲಿ ನಿಲ್ಲಿಸ್ತಾರೆ ಅನ್ನೋದು ದೇಶದ ಗುಟ್ಟು. ಕಮಿಷನ್ ಯಾರ ಅಕೌಂಟಿಗೆ ಹೋಯ್ತು ಅನ್ನೋದು ದೇಶದ ಗುಟ್ಟಲ್ಲ, ಕಳ್ಳಲೆಕ್ಕ. ಬಿ.ಕಾಂ ಓದಿದ ನನಗೆ ಈ ವ್ಯತ್ಯಾಸ ಬೇಗ ಕಾಣುತ್ತೆ. ಲಿಂಡ್‌ಸ್ಟ್ರೋಮ್ ಹೊರಗೆ ಕೊಟ್ಟಿದ್ದು ಎರಡನೆಯದನ್ನ.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ಇದಕ್ಕಿಂತ ದೊಡ್ಡದು ಅನ್ಸುತ್ತೆ. 25 ವರ್ಷ ಚಿತ್ರಾ ಅವರು ಇವರ ಹೆಸರು ಬಾಯಿಬಿಡಲಿಲ್ಲ. 2012ರಲ್ಲಿ ಇವರೇ ಮುಂದೆ ಬಂದರು. ರಾಜೀವ್ ಗಾಂಧಿ ಲಂಚ ತಗೊಂಡಿದ್ದಕ್ಕೆ ಸಾಕ್ಷ್ಯ ಇರಲಿಲ್ಲ, ಆದರೆ ಕ್ವಟ್ರೋಚಿಯನ್ನ ರಕ್ಷಿಸೋಕೆ ನಡೆದ ಮುಚ್ಚಿಹಾಕುವಿಕೆಯನ್ನ ನೋಡಿಕೊಂಡು ಸುಮ್ಮನಿದ್ದರು ಅಂದರು. ಅಮಿತಾಭ್ ಬಚ್ಚನ್ ಹೆಸರನ್ನ ಬೇಕಂತಲೇ ಎಳೆದು ತಂದಿದ್ದು ಅಂತಲೂ ಹೇಳಿದರು. ಅಂದ್ರೆ ಕಾಗದದಲ್ಲಿ ಇದ್ದಷ್ಟೇ ಹೇಳಿದರು, ಇಲ್ಲದ್ದನ್ನ ಯಾರ ತಲೆಗೂ ಕಟ್ಟಲಿಲ್ಲ.

1989ರಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ನಮ್ಮ ಕೋರ್ಟುಗಳಲ್ಲಿ ಮಾತ್ರ ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಸೋರಿಕೆ ಬೆಳಕು ಚೆಲ್ಲಬಹುದು ಅಷ್ಟೇ, ತೀರ್ಪು ಕೊಡೋಕಾಗಲ್ಲ.

ಇವತ್ತು ನಮ್ಮ ಸರ್ಕಾರಿ ಕಚೇರಿಯಲ್ಲಿರೋ ಒಬ್ಬ ಗುಮಾಸ್ತನ ಕಣ್ಣಿಗೆ ಇಂಥದ್ದೇ ಕಡತ ಬಿತ್ತು ಅಂದ್ಕೊಳ್ಳಿ. ಅವನನ್ನ ಹೆದರಿಸೋಕೆ 1923ರ ಅಧಿಕೃತ ರಹಸ್ಯ ಕಾಯ್ದೆ ಗಟ್ಟಿಯಾಗಿದೆ. ಅವನನ್ನ ಕಾಪಾಡಬೇಕಿದ್ದ ಕಾಯ್ದೆ 2014ರಲ್ಲೇ ಪಾಸಾದರೂ ಜಾರಿಗೆ ಬಾರದೆ ಉಳಿಯಿತು. ಬಾಯಿಬಿಡು ಅಂತ ಅವನಿಗೆ ಹೇಳೋ ಮುಂಚೆ, ಈ ಕಾಯ್ದೆ ಎಲ್ಲಿ ಅಂತ ನಾವು ಕೇಳಬೇಕು.