ಓಡುತ್ತಿರುವ ಎಡಿಟರಿಗೆ ಹೊರಗಿನಿಂದ ಒಂದು ಕರೆ

ನಮ್ಮ ಬಳಗದಲ್ಲಿ ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುವವರೇ ಹೆಚ್ಚು. ಆದರೂ ದಿನವೂ ಬಳಸುವ ಎಡಿಟರಿಗೂ ಒಂದು ಚರಿತ್ರೆಯಿದೆ ಎಂಬುದು ನೆನಪಾಗುವುದು ಕಡಿಮೆ. ಅದರದೊಂದು ಸಣ್ಣ ಅಧ್ಯಾಯ ಇಲ್ಲಿದೆ.

ಯೂನಿಕ್ಸಿನಲ್ಲಿ ಹಳೆಯ ಪದ್ಧತಿಯೊಂದಿದೆ. ಯಾವುದೇ ಪ್ರೋಗ್ರಾಮಿಗೆ ನಿಮ್ಮಿಂದ ನಾಲ್ಕು ಸಾಲು ಬರೆಸಬೇಕಿದ್ದರೆ, ಅದು ನಿಮ್ಮ ಮೆಚ್ಚಿನ ಎಡಿಟರನ್ನು ಹೊಸದಾಗಿ ಶುರುಮಾಡಿ, ನೀವು ಬರೆದು ಮುಚ್ಚುವವರೆಗೆ ಕಾಯುತ್ತದೆ. ಬಿಲ್ ಜಾಯ್ ಬರ್ಕ್ಲಿಯಲ್ಲಿ ಬರೆದ ವಿಐನಂಥ ಹಗುರ ಎಡಿಟರಿಗೆ ಇದು ಸಲೀಸು. ಈಮ್ಯಾಕ್ಸ್‌ಗೆ ಹಾಗಲ್ಲ. 1976ರಲ್ಲಿ ಎಂಐಟಿಯಲ್ಲಿ ಹುಟ್ಟಿ, 1985ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರ ಗ್ನೂ ಈಮ್ಯಾಕ್ಸ್ ಆಗಿ ಹೊರಬಂದ ಅದು ಲಿಸ್ಪ್ ಭಾಷೆಯ ಇಡೀ ಸಂಸಾರವನ್ನೇ ಹೊತ್ತಿತ್ತು. ಎಂಟು ಮೆಗಾಬೈಟ್ ನುಂಗುತ್ತದೆಂದು ಜನ ಗೇಲಿ ಮಾಡುತ್ತಿದ್ದ ಕಾಲವದು. ಬೆಳಿಗ್ಗೆ ತೆರೆದರೆ ಸಂಜೆಯವರೆಗೂ ಮುಚ್ಚದಿರುವುದೇ ರೂಢಿ. ಹೀಗಿರುವಾಗ ಒಂದು ಪತ್ರಕ್ಕಾಗಿ ಇನ್ನೊಂದು ಈಮ್ಯಾಕ್ಸ್ ಏಕೆ?

ಇದಕ್ಕೆ 1980ರ ದಶಕದಲ್ಲೇ ಸಿಕ್ಕ ಉತ್ತರ ಈಮ್ಯಾಕ್ಸ್‌ಕ್ಲೈಂಟ್. ಇದು ಎಡಿಟರ್ ಅಲ್ಲ, ಬರೀ ದೂತ. ಕಡತದ ಹೆಸರನ್ನು ಆಗಲೇ ಓಡುತ್ತಿರುವ ಈಮ್ಯಾಕ್ಸ್‌ಗೆ ಸಾಕೆಟ್ ಮೂಲಕ ತಲುಪಿಸಿ ಕಾಯುತ್ತದೆ. ಬರೆದಾಯಿತೆಂದು ನೀವು ಹೇಳಿದೊಡನೆ ಹೊರಡುತ್ತದೆ. 2001ರಲ್ಲಿ ಬ್ರಾಮ್ ಮೊಲೆನಾರ್ ಅವರ ವಿಮ್ 6.0 ಕೂಡ ಇಂಥ ಸೌಲಭ್ಯ ತಂದಿತು. ಆದರೆ ಯೂನಿಕ್ಸಿನಲ್ಲಿ ಅದು ಎಕ್ಸ್ ವಿಂಡೋ ವ್ಯವಸ್ಥೆಯ ಮೂಲಕ ಮಾತಾಡುತ್ತಿತ್ತು. ಎಕ್ಸ್ ಇಲ್ಲದೆಡೆ ದೂತನಿಗೆ ಬಾಯಿರಲಿಲ್ಲ.

ಈಮ್ಯಾಕ್ಸ್‌ಗೂ ಒಂದು ಕೊರತೆಯಿತ್ತು. ಗ್ರಾಫಿಕ್ ಕಿಟಕಿಯಲ್ಲಿ ತೆರೆದದ್ದು ಟರ್ಮಿನಲ್ಲಿನಲ್ಲಿ ಕಾಣಿಸುತ್ತಿರಲಿಲ್ಲ. ಕಾರೋಯ್ ಲೋರೆಂಟೆಯ್ ವರ್ಷಗಟ್ಟಲೆ ದುಡಿದು ಈ ಗೋಡೆ ಒಡೆದರು. ಅವರ ಕೆಲಸ 2009ರ 23ನೇ ಆವೃತ್ತಿಯಲ್ಲಿ, ಕಿಟಕಿಯೇ ಇಲ್ಲದೆ ಹಿನ್ನೆಲೆಯಲ್ಲಿ ಓಡುವ ಡೀಮನ್ ಸೌಲಭ್ಯದ ಜೊತೆ ಎಲ್ಲರ ಕೈಗೂ ಬಂತು. ಕಚೇರಿಯಲ್ಲಿ ಅರ್ಧಕ್ಕೆ ಬಿಟ್ಟ, ಇನ್ನೂ ಉಳಿಸದ ಬರಹವನ್ನು ರಾತ್ರಿ ಮನೆಯಿಂದ ಎಸ್‌ಎಸ್‌ಎಚ್ ಮೂಲಕ ಹೊಕ್ಕು, ಬಿಟ್ಟ ಸಾಲಿನಿಂದಲೇ ಮುಂದುವರಿಸುವುದು ಸಾಧ್ಯವಾಯಿತು.

ಆದರೆ ಬಾಗಿಲು ತೆರೆದರೆ ಯಾರು ಬೇಕಾದರೂ ಬರಬಹುದಲ್ಲ? ಈ ದೂತ ಕಡತದ ಹೆಸರನ್ನಷ್ಟೇ ಅಲ್ಲ, ಲಿಸ್ಪ್ ಆಜ್ಞೆಯನ್ನೂ ಒಯ್ಯಬಲ್ಲ. ಅಂದರೆ ನಿಮ್ಮ ಹೆಸರಿನಲ್ಲಿ ನಿಮ್ಮ ಕಡತಗಳನ್ನೇ ಅಳಿಸಬಲ್ಲ. ಅದಕ್ಕೇ ಸಾಕೆಟ್ ಇರುವ ಜಾಗಕ್ಕೆ ಯಜಮಾನನಿಗೆ ಮಾತ್ರ ಪ್ರವೇಶ. 2007ರ 22ನೇ ಆವೃತ್ತಿ ಟಿಸಿಪಿ ದಾರಿಯನ್ನೂ ತೆರೆದಾಗ ಜೊತೆಗೊಂದು ಗುಪ್ತ ಕೀಲಿಯನ್ನೂ ಇಟ್ಟಿತು.

ಇಂದು ಎಂಟು ಮೆಗಾಬೈಟ್ ಯಾವ ಲೆಕ್ಕಕ್ಕೂ ಇಲ್ಲ. ಮೆಮೊರಿ ಉಳಿಸಲೆಂದು ಹುಟ್ಟಿದ ದೂತ ಮಾತ್ರ ಇನ್ನೂ ಕೆಲಸದಲ್ಲಿದ್ದಾನೆ. ಯಂತ್ರ ಎಷ್ಟೇ ವೇಗವಾಗಲಿ, ನಡುವೆ ಕಡಿದುಹೋದ ಯೋಚನೆಯ ಎಳೆಯನ್ನು ಮತ್ತೆ ಹಿಡಿಯುವ ಕಷ್ಟ ಮನುಷ್ಯನಿಗೆ ತಪ್ಪಿಲ್ಲವಲ್ಲ!